ಆಕಾಶದಲ್ಲಿ ನಲವತ್ತು ಮೈಲಿ

ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ತಿರುಮಲೇಶ ಕೂತಲ್ಲಿಂದಲೇ ಜನರನ್ನು ವಿಮಾನ ಹತ್ತಿಸುವ ಮನುಷ್ಯ. ಮಿಲ್ಪಿಟಾಸ್‌ನ ಕಂಪನಿ ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಮೇಲೆ, ಅಲಾಸ್ಕದ ಉತ್ತರದ ತುದಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಪುಟ್ಟ ವಿಮಾನ ಓಡಿಸುವವರ ಬಳಿ ಟಿಕೆಟ್ ಬುಕ್ ಮಾಡುವ ಕೆಲಸ ಹಿಡಿದರು. ಎಲ್ಲವೂ ಫೋನಿನಲ್ಲೇ. ಆ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ಒಂದೂರಿನಿಂದ ಪಕ್ಕದೂರಿಗೆ ಆಕಾಶದಲ್ಲಿ ನಲವತ್ತು ಮೈಲಿ, ಇಲ್ಲಿ ಎಷ್ಟೋ ಜನ ದಿನಾ ಆಫೀಸಿಗೆ ಹೋಗಿಬರುವಷ್ಟು. ಮಂಜು ಕವಿದರೆ ಮಾತ್ರ ಅದೇ ನಲವತ್ತು ಮೈಲಿ ಮೈಸೂರಿಗಿಂತಲೂ ದೂರ.

ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಮಾತು ಅಂತ ಇದ್ದರೆ ಆ ಫೋನುಗಳದ್ದೇ. ನಾನು ಹುಳಿ ಕೊಡಲು ಹೋದರೂ ಬಾಗಿಲಲ್ಲೇ "ಥ್ಯಾಂಕ್ಸು ರಂಜನಿಯವ್ರೇ" ಎಂದು ಮುಗಿಸುವ ಆಸಾಮಿ. ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದೆಂದು ಅಜ್ಜಿ ಕಲಿಸಿದ್ದನ್ನು ಮಾತ್ರ ಬಿಟ್ಟಿರಲಿಲ್ಲ. ಟಿಕೆಟ್ ಮಾರುವವರಿಗೆ ಇದೆಂಥ ಮಡಿ ಎಂದು ನಾನು ರೇಗಿಸುತ್ತಿದ್ದೆ.

"ದೂರ ಹೊರಟ್ರಾ ಅಂತ ಕೇಳ್ತೀನಿ. ಅವ್ರೇ ಊರು ಹೇಳ್ತಾರೆ ಬಿಡಿ," ಅನ್ನುತ್ತಿದ್ದರು.

ಹಾಗೆ ಕೇಳಿದ್ದಕ್ಕೆ ನಕ್ಕು ಮಾತಿಗೆ ನಿಂತವರು ಮಾರ್ಥಾ ಎಂಬ ಅಲ್ಲಿನ ಮುದುಕಿ. ತಿಂಗಳಿಗೊಮ್ಮೆ ಪಕ್ಕದೂರಿನ ತಂಗಿಯನ್ನು ನೋಡಲು ಹೋಗುವವರು. ಟಿಕೆಟ್ಟಿಗೆ ಎರಡು ನಿಮಿಷ, ಹರಟೆಗೆ ಅರ್ಧ ಗಂಟೆ. ಅವರ ಫೋನು ಬಂದ ದಿನ ತಿರುಮಲೇಶರ ನಗು ಗೋಡೆಯಾಚೆ ನಮ್ಮ ಮನೆಗೂ ಕೇಳುತ್ತಿತ್ತು.

ಕಳೆದ ಚಳಿಗಾಲದಲ್ಲೊಮ್ಮೆ ಮಾರ್ಥಾ ಅವಸರದಲ್ಲಿದ್ದರು. "ತಂಗಿ ಹತ್ರ ಹೋಗ್ಬೇಕು, ನಾಳೆನೇ," ಎಂದರಷ್ಟೆ. ತಿರುಮಲೇಶ ಊರು ಕೇಳಲಿಲ್ಲ, ಎಂದಿನ ಊರಿಗೇ ಬುಕ್ ಮಾಡಿದರು. ಆದರೆ ತಂಗಿಯನ್ನು ಹಿಂದಿನ ದಿನವೇ ಆಸ್ಪತ್ರೆಯಿರುವ ದೊಡ್ಡ ಊರಿಗೆ ಸಾಗಿಸಿದ್ದರು. ತನ್ನ ಹೆಸರು ಬೇರೆ ವಿಮಾನದಲ್ಲಿದೆ, ಆಸ್ಪತ್ರೆಯ ಊರಿಗೆ ಹೋಗುವುದರಲ್ಲಿ ಸೀಟಿಲ್ಲ ಎಂದು ಮಾರ್ಥಾಗೆ ತಿಳಿದದ್ದು ಮರುದಿನ ರನ್‌ವೇ ಬಳಿ ನಿಂತಾಗ. ಆಮೇಲೆ ಮಂಜು ಕವಿಯಿತು. ಅದು ಕರಗುವಷ್ಟರಲ್ಲಿ ತಂಗಿ ತೀರಿಕೊಂಡಿದ್ದರು.

"ಎಲ್ಲಿಗೆ ಅಂತ ಒಂದ್ ಮಾತು ಕೇಳಿದ್ರೆ ಆಗ್ತಿತ್ತು," ಎಂದು, ವಿಮಾನದವರಿಂದ ಸುದ್ದಿ ತಿಳಿದ ತಿರುಮಲೇಶ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗಾದೆ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡೆ. ಅವರ ಮೇಲೆ ಸಿಟ್ಟು ಬಂದಿತ್ತು, ಆದರೂ ಕಾಫಿಗೆ ಇಟ್ಟೆ.

ಮುಂದಿನ ತಿಂಗಳು ನಾನು ಹುಳಿಯ ಪಾತ್ರೆ ಇಸಿದುಕೊಳ್ಳಲು ಹೋದಾಗ ಮಾರ್ಥಾರ ಫೋನು ಬಂತು. ಬೈಗುಳವನ್ನು ಒಬ್ಬರೇ ಕೇಳುವ ಧೈರ್ಯವಿಲ್ಲದೆಯೋ ಏನೋ, ತಿರುಮಲೇಶ ಸ್ಪೀಕರ್ ಹಾಕಿದರು. ತಪ್ಪಾಯಿತು ಎಂದರು.

ಮಾರ್ಥಾ ಬೈಯಲಿಲ್ಲ. "ಟಿಕೆಟ್ ಬೇಡ. ನಂಗಿನ್ನು ಹೋಗೋಕೆ ಯಾವ ಊರೂ ಇಲ್ಲ," ಎಂದರು. ಆಮೇಲೆ, "ಮಾತಾಡೋಕೆ ಈ ನಂಬರ್ ಬಿಟ್ರೆ ಬೇರೆ ನಂಬರೂ ಇಲ್ಲ," ಎಂದರು.

ತಿರುಮಲೇಶ ಕುರ್ಚಿ ಎಳೆದು ಕೂತರು. ಇಬ್ಬರೂ ಫೋನ್ ಇಡಲಿಲ್ಲ. ನಾನು ಮೆಲ್ಲಗೆ ಬಾಗಿಲು ಎಳೆದುಕೊಂಡು ಬಂದೆ.