ಮಣ್ಣು ಮೇಷ್ಟ್ರ ಉಲ್ಲೇಖಗಳು

ಯಾರ ಲೇಖನವನ್ನು ಯಾರು ಎಲ್ಲಿ ಉಲ್ಲೇಖಿಸಿದ್ದಾರೆ ಅನ್ನೋದನ್ನ ಹುಡುಕಿಕೊಡೋದೇ ಕಾಲೇಜು ಲೈಬ್ರರಿಯಲ್ಲಿ ಅವಳ ಕೆಲಸ. ಬಡ್ತಿಯ ಕಾಲ ಬಂತೆಂದರೆ ಸಾಕು, ವರ್ಷವಿಡೀ ಇತ್ತ ತಲೆಹಾಕದ ಪ್ರೊಫೆಸರುಗಳೆಲ್ಲ 'ಅಕ್ಕಾ, ಅಕ್ಕಾ' ಅಂತ ಅವಳ ಮೇಜು ಸುತ್ತುತ್ತಾರೆ. ಡೇಟಾಬೇಸಿಗೆ ಲೇಖನದ ಹೆಸರು ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ಅದು ಹೊಗಳಿದ್ದನ್ನೂ ಎಣಿಸುತ್ತದೆ, ಉಗಿದದ್ದನ್ನೂ ಎಣಿಸುತ್ತದೆ. ಅದಕ್ಕೇನು, ಮಾನವೇ ಮರ್ಯಾದೆಯೇ? ಆ ಸಂಖ್ಯೆ ನೋಡಿಕೊಂಡೇ ಎಷ್ಟೋ ಜನ ಮೀಸೆ ತಿರುವಿಕೊಂಡು ಹೋಗಿದ್ದಾರೆ. ಒಳಗೇನಿದೆ ಅಂತ ಅವಳೂ ತೆರೆದು ನೋಡಿದವಳಲ್ಲ.

ಈ ಸಲ ಸರದಿ ಅವಳ ಗಂಡನದು. ಅದೇ ಕಾಲೇಜಿನಲ್ಲಿ ಮಣ್ಣಿನ ಪಾಠ ಹೇಳುವ ಅವನಿಗೆ ಹುಡುಗರಿಟ್ಟ ಹೆಸರು ಮಣ್ಣು ಮೇಷ್ಟ್ರು. ಮಣ್ಣಿನ ತೇವ ಲೆಕ್ಕಹಾಕೋಕೆ ಒಂದು ಸೂತ್ರ ಕಂಡುಹಿಡಿದು, ಮದುವೆಯಾದ ಹೊಸತರಲ್ಲಿ ಲೇಖನ ಬರೆದಿದ್ದ. ಆಮೇಲೆ ವರ್ಷಗಟ್ಟಲೆ ಅದನ್ನ ಕೇಳೋರೇ ಇರಲಿಲ್ಲ. ಈಗ ನೋಡಿದರೆ ಉಲ್ಲೇಖಗಳು ಸಾಲುಗಟ್ಟಿವೆ. ಸಂಖ್ಯೆ ಕೇಳಿದ್ದೇ ತಡ, ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆ ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಬಂದರು.

ಅಷ್ಟರಲ್ಲಿ ಬಡ್ತಿ ಸಮಿತಿ ಹೊಸ ನಿಯಮ ತಂದಿತು. ಬರೀ ಸಂಖ್ಯೆ ಸಾಲದು, ಉಲ್ಲೇಖವಿರುವ ಪುಟಗಳನ್ನೂ ಲಗತ್ತಿಸಬೇಕಂತೆ. ಅವಳು ಒಂದೊಂದೇ ಪುಟ ತೆರೆದಳು. ಮೊದಲನೆಯದನ್ನು ಎರಡೆರಡು ಸಲ ಓದಿದಳು. ಯಾವುದೋ ದೇಶದವರು ಆ ಸೂತ್ರವನ್ನು ಹೊಲದಲ್ಲಿ ಪರೀಕ್ಷಿಸಿ, ತಪ್ಪು, ಇದನ್ನು ನಂಬಬೇಡಿ ಅಂತ ಬರೆದಿದ್ದರು. ಮಿಕ್ಕವರದೂ ಅವರ ಹಿಂದೆಯೇ ಅದೇ ಮಾತು. ಒಬ್ಬರಾದರೂ ಒಳ್ಳೇದು ಬರೆದಿರಬಾರದೇ ಅಂತ ಸಂಜೆವರೆಗೂ ಹುಡುಕಿದಳು. ಇರಲಿಲ್ಲ. ಬಡ್ತಿ ಹೋದರೆ ಹೋಗಲಿ. ಅವನು ಹೆಮ್ಮೆಪಟ್ಟುಕೊಂಡಿದ್ದು ಈ ಜನ್ಮದಲ್ಲಿ ಅದೊಂದಕ್ಕೇ, ಅದನ್ನೂ ಕಿತ್ತುಕೊಳ್ಳೋ ಪಾಪಿ ತಾನೇ ಆಗಬೇಕಾ ಅಂತ ಅವಳಿಗೆ ಸಂಕಟ. ಬೇರೆಯವರ ಫೈಲಾಗಿದ್ದರೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಇವನ ಜೊತೆ ಒಂದೇ ಸೂರಿನಡಿ ಬಾಳಬೇಕಲ್ಲ.

ಮನೆಗೆ ಬಂದಾಗ ಅವನು ಬಾಗಿಲಲ್ಲೇ ಕಾಯುತ್ತಿದ್ದ. "ತಂದ್ಯಾ? ಕೊಡಿಲ್ಲಿ."

"ಮೊದ್ಲು ಸ್ವಲ್ಪ ಕೂತ್ಕೊಳ್ರೀ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು."

"ಮಾತೆಲ್ಲ ಆಮೇಲೆ ಕಣೇ. ಅಮ್ಮ, ಬಾ ಇಲ್ಲಿ, ನಿನ್ನ ಮಗನ ಬಗ್ಗೆ ಹೊರದೇಶದೋರು ಏನಂದಿದಾರೆ ಕೇಳು."

ಅವನು ಅವಳ ಚೀಲದಿಂದ ಮೇಲಿನ ಹಾಳೆ ಎಳೆದು, ನಿಂತೇ, ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದತೊಡಗಿದ. ತನ್ನ ಹೆಸರು ಬಂದಾಗ ದನಿ ಏರಿತು. ಮುಂದಿನ ವಾಕ್ಯದ ನಡುವೆ ನಿಂತುಬಿಟ್ಟಿತು.

"ಎಲ್ಲಾನೂ ಹೀಗೇನಾ?" ಅಂತ ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಹೂಂ ರೀ."

ಇಂಗ್ಲಿಷ್ ಬಾರದ ಅತ್ತೆ ಕುರ್ಚಿಯ ತುದಿಗೆ ಜರುಗಿ ಕೂತಿದ್ದರು. "ಏನಂತೋ?"

"ನನ್ನ ಹೆಸರು ಹಾಕಿದಾರಮ್ಮ."

"ಹೌದಾ? ಅದನ್ನೇ ಇನ್ನೊಂದ್ಸಲ ಓದೋ, ಮಗಾ."

ಅವನು ಕಣ್ಣೊರೆಸಿಕೊಂಡು, ಮೊದಲಿನಿಂದ, ಅಷ್ಟೇ ಗಟ್ಟಿಯಾಗಿ, ಪೂರ್ತಿ ಓದಿದ.