ತೂಕ ಇಳಿದರೆ ಹೊಗಳದ ಮರಿಯಮ್ಮ

2025ರ ನವೆಂಬರ್ 9, ಭಾನುವಾರ, ಬೆಳಗ್ಗೆ 5 ಗಂಟೆ 50 ನಿಮಿಷ. ಪೀಣ್ಯ ಎರಡನೇ ಹಂತದ ಉದ್ಯಾನವೊಂದರ ಗೇಟಿನ ಪಕ್ಕದ ಚಪ್ಪಡಿ ಕಲ್ಲನ್ನು ಮರಿಯಮ್ಮ ಹಳೆಯ ಬಟ್ಟೆಯಿಂದ ಒರೆಸುತ್ತಾರೆ. ಅದರ ಮೇಲೆ ಗಾಜಿನ ತೂಕದ ಯಂತ್ರ ಇಟ್ಟು, ನಾಲ್ಕು ಮೂಲೆಗಳನ್ನೂ ಒತ್ತಿ ನೋಡುತ್ತಾರೆ. ಯಂತ್ರ ಅಲುಗಾಡಬಾರದು. ಆಮೇಲೆ ಎದುರಿನ ಟೀ ಅಂಗಡಿಯಿಂದ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲೊಂದನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ ನಡೆಯುತ್ತಾ ತರುತ್ತಾರೆ. ವಯಸ್ಸು ಐವತ್ತೆಂಟು. ಕಲ್ಲು ಯಂತ್ರದ ಮೇಲೆ ಕೂರುತ್ತಿದ್ದಂತೆ 20.0 ಎಂಬ ಅಂಕಿ ಹೊಳೆಯುತ್ತದೆ.

"ಇವತ್ತು ಸುಳ್ಳು ಹೇಳ್ತಿಲ್ಲ," ಎಂದು ಯಂತ್ರದ ಬೆನ್ನು ತಟ್ಟುತ್ತಾರೆ.

ಆದರೂ ಅವರ ಕಣ್ಣು ಮತ್ತೆ ಮತ್ತೆ ರಸ್ತೆಯತ್ತ ಹೋಗುತ್ತದೆ. ಲೋಹಕ್ಕೆ ಬಣ್ಣದ ಪುಡಿ ಹಚ್ಚುವ ಪೌಡರ್ ಕೋಟಿಂಗ್ ಕಾರ್ಖಾನೆಯ ಈಶಪ್ಪ ಬರಬೇಕು. ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ಈ ಯುವಕನ ತೂಕ ಏರುತ್ತಾ ಬಂದಿದ್ದದ್ದು ಹದಿನೈದು ದಿನದ ಹಿಂದೆ ಇಳಿದುಬಿಟ್ಟಿತ್ತು. "ಇವತ್ತೂ ಇಳಿದಿದ್ರೆ ನಾನೇ ಆಸ್ಪತ್ರೆಗೆ ಎಳ್ಕೊಂಡ್ ಹೋಗ್ತೀನಿ," ಎನ್ನುತ್ತಾರೆ ಮರಿಯಮ್ಮ.

ಅಷ್ಟರಲ್ಲಿ ಗುರುರಾಜ್ ಬರುತ್ತಾರೆ. ಹತ್ತಿರದಲ್ಲೇ ಲೇತ್ ಮೆಷಿನ್‌ಗಳ ಸಣ್ಣ ಕಾರ್ಖಾನೆ ನಡೆಸುವವರು. ಚೆನ್ನಾಗಿ ಬೆವರಲೆಂದು ಮೈಮೇಲೆ ಪ್ಲಾಸ್ಟಿಕ್ ಜಾಕೆಟ್ ಹಾಕಿದ್ದಾರೆ. ಓಡುವ ಮೊದಲು, ಜಾಕೆಟ್ ತೆಗೆದಿಟ್ಟು ನಿಂತಾಗ 72.6 ಕಿಲೋ. ಮುಕ್ಕಾಲು ಗಂಟೆಯ ನಂತರ, ಜಾಕೆಟ್ ಕಳಚಿ ಬೆವರು ಒರೆಸಿಕೊಂಡು ನಿಂತಾಗ 71.9.

"ನೋಡಮ್ಮ! ಏಳ್ನೂರು ಗ್ರಾಂ ಬೊಜ್ಜು ಕರಗಿಸ್ಬಿಟ್ಟೆ!"

ಮರಿಯಮ್ಮ ಅರ್ಧ ಲೀಟರಿನ ನೀರಿನ ಬಾಟಲಿ ಚಾಚುತ್ತಾರೆ. ಗುರುರಾಜ್ ಗಟಗಟ ಕುಡಿದು ಮತ್ತೆ ಹತ್ತಿದರೆ 72.4.

"ಸಾರ್, ನೀರಲ್ಲೂ ಬೊಜ್ಜಿತ್ತಾ?"

"ನಿನ್ ಹತ್ರ ಬಂದ್ರೆ ಖುಷಿಯಾಗಿ ಮನೆಗೆ ಹೋಗೋಕೇ ಆಗಲ್ಲ ಕಣಮ್ಮ," ಎಂದು ಗುರುರಾಜ್ ನಗುತ್ತಾರೆ.

ಯಂತ್ರಕ್ಕೆ ನೀರು, ಕೊಬ್ಬು, ಮಾಂಸಖಂಡ, ನಿನ್ನೆಯ ಊಟ ಎಂಬ ಭೇದವಿಲ್ಲ, ಎಲ್ಲವನ್ನೂ ಕೂಡಿಸಿ ಒಂದೇ ಅಂಕಿ ಕೊಡುತ್ತದೆ. ಓಡುವುದರಿಂದ ಲಾಭವಿದೆ, ಆದರೆ ಆ ಲಾಭವನ್ನು ಅಳೆಯಲು ಬೆವರು ತಪ್ಪು ಮಾಪನ. ಏಳನೇ ತರಗತಿಗೆ ಶಾಲೆ ಬಿಟ್ಟ ಮರಿಯಮ್ಮ ಇದನ್ನು ಒಂದು ಬಾಟಲಿಯಲ್ಲಿ ತೋರಿಸುತ್ತಾರೆ.

ತೂಕದ ವಿಷಯದಲ್ಲಿ ಅವರದು ಹಳೆಯ ಪಳಗಿದ ಕೈ. ಹದಿನಾಲ್ಕು ವರ್ಷ ಅವರು ಸ್ಕ್ರೂ ತಯಾರಿಸುವ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದರು. "ಅರ್ಧ ಕಿಲೋ ಪ್ಯಾಕೆಟ್‌ನಲ್ಲಿ ಎರಡು ಸ್ಕ್ರೂ ಕಮ್ಮಿಯಾದ್ರೂ ವಾಪಸ್ ಬರೋದು ಸಾರ್," ಎನ್ನುತ್ತಾರೆ. ಕಾರ್ಖಾನೆ ಊರಾಚೆ ಹೋದಾಗ ಕೆಲಸ ಹೋಯಿತು. ಈ ಗೇಟಿನ ಬಳಿ ತೂಕದ ಯಂತ್ರ ಇಟ್ಟು ಕೂರಲು ಶುರು ಮಾಡಿ ಆರು ವರ್ಷ. ವಾರದ ದಿನಗಳಲ್ಲಿ ಮೂವತ್ತು ಮಂದಿ, ಭಾನುವಾರ ಅರವತ್ತು ದಾಟುತ್ತದೆ. ಒಂಬತ್ತಕ್ಕೆ ಯಂತ್ರ ಎತ್ತಿಟ್ಟು ಕ್ಯಾಂಟೀನೊಂದಕ್ಕೆ ತರಕಾರಿ ಹೆಚ್ಚಲು ಹೋಗುತ್ತಾರೆ. "ಹೆಸ್ರು ಮರ್ತೋಗುತ್ತೆ. ಮುಖ ನೋಡಿದ್ರೆ ಕಿಲೋ ನೆನಪಾಗುತ್ತೆ."

ತೂಗಿಸಿಕೊಳ್ಳಲು ಬರುವವರು ಹೊಗಳಿಕೆಗೂ ಕಾಯುತ್ತಾರೆ. ಅದು ಮಾತ್ರ ಸಿಗುವುದಿಲ್ಲ. "ಇಳಿದಿದೆ" ಎನ್ನುತ್ತಾರೆ ಮರಿಯಮ್ಮ, "ಒಳ್ಳೇದಾಯ್ತು" ಎನ್ನುವುದಿಲ್ಲ. ಯಾಕೆಂದು ಕೇಳಿದರೆ ಹಳೆಯ ಗೆಳತಿಯೊಬ್ಬರ ಕತೆ ಹೇಳುತ್ತಾರೆ.

ಅವರೊಡನೆ ಪ್ಯಾಕಿಂಗ್ ಮಾಡುತ್ತಿದ್ದ ಕಮಲಮ್ಮ ರಾತ್ರಿ ಊಟ ಬಿಟ್ಟು ಮೆಂತ್ಯದ ನೀರು ಕುಡಿಯಲು ಶುರು ಮಾಡಿದ್ದರು. ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿಯಿತು. ಗೇಟಿನ ಬಳಿ ಎಲ್ಲರೂ ಮೆಂತ್ಯದ ಅಳತೆ ಕೇಳುವವರೇ. ಒಂದು ದಿನ ಕಮಲಮ್ಮ ಬಸ್ಸಿನಲ್ಲಿ ಕುಸಿದುಬಿದ್ದರು. ತೂಕ ಇಳಿಸಿದ್ದು ಮೆಂತ್ಯವಲ್ಲ, ಗೊತ್ತೇ ಆಗದೆ ಯಾವಾಗಿನಿಂದಲೋ ಇದ್ದ ಸಕ್ಕರೆ ಕಾಯಿಲೆ. ಒಂದು ಕಣ್ಣು ಈಗಲೂ ಮಂಜು.

"ವಾರವಾರ ನಾನೇ ಚಪ್ಪಾಳೆ ತಟ್ಟಿದ್ದೆ ಸಾರ್. ಬಾಯಾರಿಕೆ ಕಣೇ ಅಂತ ಅವಳು ಎಷ್ಟ್ ಸಲ ಹೇಳಿದ್ಲು. ಕೇಳಿಸ್ಕೊಳ್ಳಲೇ ಇಲ್ಲ."

ಅಂದಿನಿಂದ ಯಾರದೇ ತೂಕ ಬೇಗ ಇಳಿದರೂ ಮರಿಯಮ್ಮ ಮೊದಲು ಪ್ರಶ್ನೆ ಕೇಳುತ್ತಾರೆ. ಹಸಿವು ಹೇಗಿದೆ? ಬಾಯಾರಿಕೆ? ಸುಸ್ತು?

ಈಶಪ್ಪ ಸಿಕ್ಕಿದ್ದು ಹಾಗೆಯೇ. (ಹೆಸರು ಬರೆಯಿರಿ ಎಂದು ಅವರೇ ಹೇಳಿದ್ದಾರೆ. "ಕೆಮ್ಮೋರು ಯಾರರ ಓದಿದ್ರ ಚಲೋ ಆಗ್ತೈತ್ರಿ.") ರಾಯಚೂರು ಕಡೆಯವರು, ವಯಸ್ಸು ಇಪ್ಪತ್ತೊಂಬತ್ತು, ಚಿಕ್ಕಬಾಣಾವರದಲ್ಲಿ ನಾಲ್ವರ ಜತೆ ಬಾಡಿಗೆ ಕೋಣೆ. ಜೂನ್‌ನಲ್ಲಿ 57.4, ಜುಲೈನಲ್ಲಿ 54.6, ಆಗಸ್ಟ್ ಕೊನೆಗೆ 51.3. ಬೆಳಗಿನ ಓಟದಿಂದ ಮೈ ಹಗುರಾಗಿದೆ ಎಂದುಕೊಂಡಿದ್ದರು, ಕೋಣೆಯ ಗೆಳೆಯರು ಹೀರೋ ಎಂದು ಕರೆಯುತ್ತಿದ್ದರು. ಆಗಸ್ಟಿನ ಆ ಬೆಳಗ್ಗೆ ಯಂತ್ರದ ಅಂಕಿ ಒಂದೇ ಸಮ ಕುಣಿಯುತ್ತಿತ್ತು. ಬ್ಯಾಟರಿ ಹೋಯಿತೆಂದು ಮರಿಯಮ್ಮ ತೂಕದ ಕಲ್ಲನ್ನೇ ಇಟ್ಟು ನೋಡಿದರು. 20.0, ನಿಶ್ಚಲ. ಅಲುಗುತ್ತಿದ್ದದ್ದು ಯಂತ್ರವಲ್ಲ, ಕೆಮ್ಮು ಅದುಮಿಕೊಂಡು ನಿಂತಿದ್ದ ಈಶಪ್ಪ.

"ಎಷ್ಟ್ ದಿನದಿಂದಪ್ಪಾ ಕೆಮ್ಮು ಅಂದೆ. ಪೌಡರ್ ಧೂಳಮ್ಮ, ಒಂದ್ ತಿಂಗಳಾತು ಅಂದ. ಓಟ ಆಮೇಲೆ, ಮೊದ್ಲು ನಡಿ ಅಂದೆ." ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆಯಾಯಿತು. ಕ್ಷಯ. ಆರು ತಿಂಗಳು ಮಾತ್ರೆ.

ಅಕ್ಟೋಬರ್ ಮಧ್ಯದ ಹೊತ್ತಿಗೆ 52.9ಕ್ಕೆ ಏರಿದ್ದ ತೂಕ ಹದಿನೈದು ದಿನದ ಹಿಂದೆ 52.1ಕ್ಕೆ ಇಳಿಯಿತು. ಕೆಮ್ಮು ನಿಂತಿತ್ತು, ಮಾತ್ರೆಯಿಂದ ಮೈ ಹೀಟ್ ಆಗುತ್ತದೆ ಎಂದು ಯಾರೋ ಹೇಳಿದ್ದರು. ಈಶಪ್ಪ ಐದು ದಿನ ಮಾತ್ರೆ ಬಿಟ್ಟರು, ಜತೆಗೆ ಶಕ್ತಿಗೆಂದು ತಿನ್ನುತ್ತಿದ್ದ ಮೊಟ್ಟೆಯನ್ನೂ. ಮರಿಯಮ್ಮ ಅವರನ್ನು ಮತ್ತೆ ಅದೇ ಆರೋಗ್ಯ ಕೇಂದ್ರದ ನರ್ಸ್ ಮುಂದೆ ನಿಲ್ಲಿಸಿದರು. ಕೆಮ್ಮು ನಿಂತರೆ ಕಾಯಿಲೆ ಹೋಯಿತೆಂದಲ್ಲ, ನಡುವೆ ಬಿಟ್ಟರೆ ಅದು ಮದ್ದಿಗೆ ಬಗ್ಗದಂತೆ ತಿರುಗಿ ಬರಬಹುದು ಎಂದು ನರ್ಸ್ ಬಿಡಿಸಿ ಹೇಳಿದರು.

ಏಳೂಕಾಲಿಗೆ ಈಶಪ್ಪ ಬರುತ್ತಾರೆ. ಮರಿಯಮ್ಮ ಮೊದಲು ಅವರ ಪ್ಯಾಂಟಿನ ಜೇಬು ನೋಡುತ್ತಾರೆ.

"ಏನದು ಉಬ್ಬಿರೋದು? ತೆಗಿ."

ಮೊಬೈಲ್ ಹೊರಬರುತ್ತದೆ. ಬೀಗದ ಕೈ ಗೊಂಚಲು. ಕೊನೆಗೆ ಒಂದು ಸ್ಪ್ಯಾನರ್.

"ಇಳಿಸ್ಕೊಂಡು ತೋರಿಸೋರನ್ನ ನೋಡಿದ್ದೆ. ಏರಿಸ್ಕೊಂಡು ಬರೋನು ನೀನೇ ಮೊದ್ಲು ಕಣೋ!"

"ಅಂಜಿಕಿ ಬೇ ಅಮ್ಮಾ," ಎಂದು ಈಶಪ್ಪ ನಗುತ್ತಾರೆ. "ಗುಳಿಗಿ ಒಂದೂ ತಪ್ಪಿಸಿಲ್ಲ. ತತ್ತೀನೂ ತಿಂದೀನಿ. ಆದ್ರೂ ಅಂಜಿಕಿ."

ಈ ಗೇಟಿನಲ್ಲಿ ತೂಕ ಏರಲೆಂದು ಕಾಯುವವರು ಇವರಿಬ್ಬರೇ. ಚಪ್ಪಲಿ ಬಿಟ್ಟು, ಕೈ ಇಳಿಬಿಟ್ಟು ಈಶಪ್ಪ ಹತ್ತುತ್ತಾರೆ. ಕೆಳಗೆ ನೋಡುವುದಿಲ್ಲ. ಮರಿಯಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗುತ್ತಾರೆ. ಅಂಕಿ ಈ ಸಲ ಕುಣಿಯುವುದಿಲ್ಲ, ಹತ್ತಿದ ಕೂಡಲೇ ನಿಲ್ಲುತ್ತದೆ.

"ಒಳ್ಳೇದಾಯ್ತು," ಎನ್ನುತ್ತಾರೆ ಮರಿಯಮ್ಮ.

53.2 ಕಿಲೋ.