ಹುಣಸೆನೀರಿನಲ್ಲಿ ಹೋದ ಎರಡು ಸಾಲು

ಆನೂಶ್ ಅಜ್ಜಿ, ನಿಮ್ಮ ಮಠದ ಅಕ್ಷರಗಳನ್ನು ಅಳಿಸಿದವಳು ನಾನು. ಅಳಿಸಿ, ನಿಮ್ಮೆದುರೇ ಸುಳ್ಳು ಹೇಳಿದೆ.

ಈ ಪರದೇಶದಲ್ಲಿ, ವಾಲ್ನಟ್ ಕ್ರೀಕ್‌ ಊರಿನ ಈ ಅಪಾರ್ಟ್‌ಮೆಂಟಿನಲ್ಲಿ ನಿಮ್ಮದು ನಮ್ಮ ಎದುರು ಬಾಗಿಲು. ಕಣ್ಣಿನ ಆಪರೇಷನ್ನಿಗೆ ಹೋಗುವ ಮುನ್ನ ಆ ಗಾರೆಯ ತುಂಡನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಿರಿ. ನಿಮ್ಮ ಅರ್ಮೇನಿಯನ್ ಕ್ರೈಸ್ತರ ನೂರಾರು ವರ್ಷ ಹಳೆಯ ಮಠದ್ದು. ಊರು ಬಿಟ್ಟು ಓಡುವಾಗ, ಅದರ ಗೋಡೆಯಿಂದ ಬಿದ್ದಿದ್ದನ್ನು ನಿಮ್ಮ ಅಮ್ಮ ಮಡಿಲಲ್ಲಿ ಕಟ್ಟಿಕೊಂಡು ಬಂದರಂತೆ. ಈಗ ಆ ನೆಲ ಆಳುವವರು, ಮಠ ನಿಮ್ಮವರದ್ದೇ ಅಲ್ಲ ಎನ್ನುತ್ತಾರೆ. ಮೇಲಿನ ಈ ಮಸಿಯ ಕೆಳಗೆ ನಮ್ಮ ಅಕ್ಷರವಿದೆ, ಮಸಿ ಹಿಡಿಯುವ ಮೊದಲು ಅಮ್ಮ ಓದಿದ್ದಳು, ಅದೇ ಸಾಕ್ಷಿ, ಹಳೆಯ ಬರಹ ಪರೀಕ್ಷೆ ಮಾಡುವವರು ಬರುತ್ತಾರೆ— ಅಲ್ಲಿಯವರೆಗೆ ನಿನ್ನ ದೇವರ ಹತ್ತಿರ ಇಟ್ಟುಕೋ ಎಂದಿರಿ.

ದೇವರ ಹತ್ತಿರವೇ ಇಟ್ಟೆ. ಶುಕ್ರವಾರ ದೀಪ, ತಟ್ಟೆ, ಗಂಟೆಗೆ ಹುಣಸೆಹಣ್ಣು ಹಚ್ಚಿ ಬೆಳಗುವಾಗ— ಇದೂ ದೇವರ ಮನೆಯದ್ದೇ ತಾನೆ, ಇದಕ್ಕೇಕೆ ಮಸಿ ಎನಿಸಿತು. "ಇನ್ನು ಅಜ್ಜಿಯ ಗೋಡೆಗೂ ಅಭಿಷೇಕನಾ?" ಎಂದು ನಮ್ಮ ಯಜಮಾನರು ನಕ್ಕು ಆಫೀಸಿಗೆ ಹೋದರು.

ಮಸಿ ಬಿಟ್ಟಿತು. ಕೆಂಪು ಅಕ್ಷರಗಳು ಎದ್ದು ಬಂದವು— ಕೊಕ್ಕೆ ಕೊಕ್ಕೆಯಾಗಿ, ಎರಡು ಸಾಲು. ಎಷ್ಟು ಚೆಂದ ಎಂದುಕೊಂಡು ಇನ್ನೊಮ್ಮೆ ಉಜ್ಜಿದೆ. ಸಿಂಕಿನ ನೀರು ಕೆಂಪಾಯಿತು. ಕೈಯಲ್ಲಿ ಬರೀ ಬಿಳಿ ಗಾರೆ.

ಸಂಜೆ ದೀಪ ಹಚ್ಚಿ, ದಿನವೂ ಮಾಡುವಂತೆ, ದೇವರು ಕೊಟ್ಟ ಸಣ್ಣಪುಟ್ಟ ಒಳ್ಳೆಯದನ್ನು ನೆನೆದೆ. ಮಗಳ ಜ್ವರ ಇಳಿದಿದೆ. ಯಜಮಾನರಿಗೆ ಫ್ರೀವೇಯಲ್ಲಿ ಟ್ರಾಫಿಕ್ ಸಿಗಲಿಲ್ಲ. ನಾನು ಮಾಡಿದ್ದನ್ನು ಯಾರೂ ನೋಡಲಿಲ್ಲ— ಅದನ್ನೂ ಸೇರಿಸಿಕೊಂಡೆ, ಅಜ್ಜಿ.

ಪರೀಕ್ಷೆಯವರು ಬಂದ ದಿನ, ನಮ್ಮಿಬ್ಬರ ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಅಕ್ಷರ ಎಲ್ಲಿ ಎಂದು ನೀವು ನನ್ನನ್ನೇ ಕೇಳಿದಿರಿ.

"ಮಸಿ ಒರೆಸಿದೆ ಅಷ್ಟೇ ಅಜ್ಜಿ. ಕೆಳಗೆ ಏನೂ ಇರ್ಲಿಲ್ಲ."

ಅವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡರು. ನೀವು ತುಂಡಿನ ಮೇಲೆ ಬೆರಳಾಡಿಸುತ್ತಾ ಕೂತಿರಿ. ನನ್ನ ಮೇಲೆ ಒಂದಿಷ್ಟಾದರೂ ಅನುಮಾನ ಬಂದಿದ್ದರೆ ಸಾಕಿತ್ತು. ಬರಲಿಲ್ಲ.

"ಹಾಗಾದ್ರೆ ನಮ್ಮಮ್ಮ ಸುಳ್ಳು ಹೇಳಿದ್ಳು, ಮಗಳೇ," ಎಂದಿರಿ.

ಆಮೇಲೆ ನಿಮ್ಮ ಬಾಯಲ್ಲಿ ಮಠದ ಮಾತು ಬರಲಿಲ್ಲ. ಅಮ್ಮನ ಫೋಟೋ ಗೋಡೆಯಿಂದ ಇಳಿಯಿತು. ಇಷ್ಟು ವರ್ಷ ನಾನು ತಂದ ಚಿತ್ರಾನ್ನ ತಿಂದು, ನೀನೊಬ್ಬಳಾದರೂ ಇದ್ದೀಯಲ್ಲ ಎನ್ನುತ್ತಾ ಬಂದಿರಿ.

ಗೊತ್ತಿಲ್ಲದೆ ಮಾಡಿದ್ದು ಎನ್ನಬಹುದು. ಉಜ್ಜಿದ್ದು ಹೌದು. ಹೇಳಿದ್ದು?

ನಾಳೆ ಬೆಳಿಗ್ಗೆ ನಿಮ್ಮ ಬಾಗಿಲು ತಟ್ಟುತ್ತೇನೆ. ಪರೀಕ್ಷೆಯವರಿಗೂ ಹೇಳುತ್ತೇನೆ; ಅಡುಗೆಮನೆಯವಳ ಬರೀ ಮಾತನ್ನು ಅವರು ಸಾಕ್ಷಿ ಎಂದು ತೆಗೆದುಕೊಳ್ಳದೆ ಹೋಗಬಹುದು. ನೀವು ಬಾಗಿಲು ಮುಚ್ಚಿಬಿಡಬಹುದು. ಮುಚ್ಚುವ ಮೊದಲು ಇಷ್ಟು ಕೇಳಿಸಿಕೊಳ್ಳಿ— ನಿಮ್ಮ ಅಮ್ಮ ಸುಳ್ಳು ಹೇಳಿರಲಿಲ್ಲ. ಅಕ್ಷರ ಇತ್ತು. ನಾನು ನೋಡಿದ್ದೆ.